ಎರಡೇ ಇಂಚು

"ಎತ್ತಿ! ಇವತ್ತೇ ಎತ್ತಿ! ಎಷ್ಟಾಗುತ್ತೋ ಅಷ್ಟು ಮೇಲಕ್ಕೆ ಎತ್ತಿ!"

ಗ್ಯಾರೇಜಿನ ಬಾಗಿಲಿಗೇ ಕಾರು ತಂದು ನಿಲ್ಲಿಸಿ ಅವಳು ಕೂಗಿದ್ದು ಇಷ್ಟು. ಇನ್ನೊಂದು ಗಾಡಿಯ ಅಡಿಯಿಂದ ಮೊದಲು ಎರಡು ಕಾಲು, ಆಮೇಲೆ ಗ್ರೀಸ್ ಮೆತ್ತಿದ ಮುಖ ಹೊರಬಂತು.

"ಯಾರನ್ನ? ನನ್ನನ್ನಾ, ಕಾರನ್ನಾ?" ಎಂದ ಮೆಕ್ಯಾನಿಕ್.

ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. ಅವತ್ತು ಅವಳ ಕಣ್ಣು ತುಂಬಿ ಬಂತು!

"ಅಯ್ಯಯ್ಯೋ... ಅಳಬೇಡಿ ಮೇಡಂ, ತಮಾಷೆಗೆ ಅಂದೆ."

"ಮೇಡಂ ಅಲ್ಲ... ಟೀಚರ್," ಎಂದಳು ಬಿಕ್ಕುತ್ತಲೇ. ಮಕ್ಕಳಿಗೆ ವ್ಯಾಕರಣ ಕಲಿಸುವವಳು. ಅಳುವಾಗಲೂ ತಿದ್ದುವ ಚಟ ಬಿಟ್ಟಿರಲಿಲ್ಲ.

ಬೆಟ್ಟದ ತುದಿಯಲ್ಲಿ ನೀರು ಸರಬರಾಜಿನ ಪಂಪ್‌ಹೌಸ್. ಅವಳ ಭಾವನಿಗೆ ಅಲ್ಲೇ ಕೆಲಸ, ಅಕ್ಕನಿಗೆ ಅಲ್ಲೇ ಮನೆ. ಅಕ್ಕ ಈಗ ಬಸುರಿ. ಹಿಂದೆ ಎರಡು ಸಲ ಮಗು ಕಳೆದುಕೊಂಡಿದ್ದಾಳೆ. ಅಲುಗಾಡದೆ ಮಲಗಿರಬೇಕು, ಒಂಬತ್ತು ತುಂಬಿದಾಗ ನಿಧಾನವಾಗಿ ಕೆಳಗೆ ಕರೆತನ್ನಿ ಎಂದಿದ್ದಾರೆ ಡಾಕ್ಟರು. ಆದರೆ ಟಾರು ಮುಗಿದ ಮೇಲಿನ ದಾರಿಯನ್ನು ಮಳೆ ಕೊಚ್ಚಿಕೊಂಡು ಹೋಗಿ ಬರೀ ಬಂಡೆ ಉಳಿದಿತ್ತು.

"ಕಾರಿನ ಹೊಟ್ಟೆ ಬಂಡೆಗೆ ಉಜ್ಜುತ್ತೆ. ಇವತ್ತು ಅರ್ಧ ದಾರಿಯಿಂದ ವಾಪಸ್ ಬಂದೆ. ಅವಳಿಗೆ ಏನಾದ್ರೂ ಆದ್ರೆ... ನಾನು ಹೋಗಲೇಬೇಕಲ್ವಾ? ನಾಲ್ಕು ಇಂಚು ಎತ್ತಿಕೊಡಿ!"

ಅವನು ಬಗ್ಗಿ ಕಾರಿನ ಅಡಿ ನೋಡಿದ. ತಮಾಷೆ ಮುಖದಿಂದ ಮಾಯವಾಯಿತು.

"ಎರಡೇ ಇಂಚು."

"ನಾಲ್ಕು!"

"ಕಾಲು ಹಿಡಿದು ಎಳೆದ್ರೆ ಯಾರಾದ್ರೂ ಎತ್ತರ ಆಗ್ತಾರಾ ಟೀಚರೇ? ಕೀಲು ಕಿತ್ಕೊಂಡು ಬರುತ್ತೆ. ಎರಡು ಇಂಚು, ಜೊತೆಗೆ ಸ್ವಲ್ಪ ದೊಡ್ಡ ಟೈರು. ಉಳಿದಿದ್ದು ನೀವು ಬಂಡೆ ನೋಡ್ಕೊಂಡು ಓಡಿಸೋದ್ರಲ್ಲಿದೆ."

ಸ್ಪ್ರಿಂಗುಗಳ ಮೇಲೆ ದಪ್ಪ ಬಿಲ್ಲೆ ಕೂರಿಸಿ, ಸಂಜೆಯೊಳಗೆ ಕಾರು ಎತ್ತಿಕೊಟ್ಟ. ಮರುದಿನ ಅವಳೇ ಓಡಿಸುತ್ತ ಬೆಟ್ಟ ಹತ್ತಿದಳು, ಅವನು ಪಕ್ಕದಲ್ಲಿ ಕೂತು ಯಾವ ಬಂಡೆಯ ಮೇಲೆ ಯಾವ ಚಕ್ರ ಇಡಬೇಕೆಂದು ಹೇಳುತ್ತ ಬಂದ. ಹೊಟ್ಟೆ ಉಜ್ಜಲಿಲ್ಲ. ಆದರೆ ಅವಳ ಎದೆಯೊಳಗೆ ಏನೋ ಮೆಲ್ಲಗೆ ಅಲುಗಿತು...

ಆಮೇಲೆ ಶುರುವಾಯಿತು ನೋಡಿ! ಒಂದು ವಾರ ಬಾಗಿಲು ಕಿರುಗುಟ್ಟುತ್ತದೆ, ಇನ್ನೊಂದು ವಾರ ಹಾರ್ನ್ ಕೂಗುವುದಿಲ್ಲ. ಕಾರಿಗೆ ಬಾರದ ಕಾಯಿಲೆಯಿಲ್ಲ. ಅವನೂ ಇಲ್ಲದ ತೊಂದರೆಯನ್ನು ಮಧ್ಯಾಹ್ನವಿಡೀ ಹುಡುಕುತ್ತಿದ್ದ.

'ಇವತ್ತು ಹೇಳಿಬಿಡ್ತೀನಿ,' ಎಂದುಕೊಂಡು ಹೋದ ದಿನವೇ ಅದು ಕಿವಿಗೆ ಬಿತ್ತು.

ಅವನು ಬೆನ್ನು ತಿರುಗಿಸಿ ಫೋನಿನಲ್ಲಿದ್ದ. "ಅವಳ ಸಹವಾಸ ಸಾಕಾಗಿದೆ ಮಾರಾಯ! ವಾರ ವಾರ ಏನಾದ್ರೂ ಒಂದು ನೆಪ. ಪಾಪ ಅಂತ ಇಷ್ಟು ದಿನ ಸಹಿಸ್ಕೊಂಡೆ. ಯಾರಾದ್ರೂ ಒಪ್ಪಿದ್ರೆ ದಾಟಿಸಿಬಿಡ್ತೀನಿ..."

ವಾರ ವಾರ ನೆಪ... ತನ್ನದಲ್ಲದೆ ಇನ್ಯಾರದು? ಬಂದ ಸದ್ದಾಗದಂತೆ ತಿರುಗಿ ಹೋದಳು. ಅವನ ಕರೆಗಳನ್ನು ಎತ್ತಲಿಲ್ಲ. ಸಿಟ್ಟಿನ ಭರದಲ್ಲಿ ಬೇರೊಂದು ಗ್ಯಾರೇಜಿಗೆ ಹೋಗಿ, ನಾಲ್ಕು ಇಂಚು ಎತ್ತಿಸಿಯೇ ಬಂದಳು!

*

ಎಂಟನೇ ತಿಂಗಳು. ಶಾಲೆ ಬಿಡುವ ಹೊತ್ತಿಗೆ ಭಾವನ ಫೋನು. ಮಾತಿಗಿಂತ ಅಳುವೇ ಹೆಚ್ಚು ಕೇಳಿಸಿತು. ಅಕ್ಕನಿಗೆ ನೋವು ಶುರುವಾಗಿದೆ, ರಕ್ತ ಹೋಗುತ್ತಿದೆ. ಆಂಬುಲೆನ್ಸ್ ಟಾರು ಮುಗಿಯುವಲ್ಲಿ ಬಂದು ನಿಂತಿದೆ. ಅದು ತಗ್ಗಿನ ಗಾಡಿ, ಬಂಡೆ ಹತ್ತಲಾರದು.

ಅವಳು ಹತ್ತಿದಳು. ಹಿಂದಿನ ಸೀಟಿನಲ್ಲಿ ಭಾವನ ತೊಡೆಯ ಮೇಲೆ ಅಕ್ಕನ ತಲೆ. ಇಳಿಯುವ ದಾರಿಯುದ್ದಕ್ಕೂ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಮುಂದಿನ ಚಕ್ರದಲ್ಲಿ ಟಕ್... ಟಕ್... ಟಕ್...

'ದೇವರೇ, ಇನ್ನೊಂದು ಸ್ವಲ್ಪ ದೂರ...'

ನಡುವೆ ಸಿಕ್ಕ ಏರಿನಲ್ಲಿ ಢಬ್ ಎಂದಿತು. ಎಂಜಿನ್ ಅರಚುತ್ತಿತ್ತು, ಕಾರು ಕದಲಲಿಲ್ಲ. ಅತಿ ಎತ್ತರಕ್ಕೆ ಸೊಟ್ಟಗಾಗಿದ್ದ, ಚಕ್ರ ತಿರುಗಿಸುವ ಆಕ್ಸಲ್ಲಿನ ಕೀಲು ಕಿತ್ತು ಬಂದಿತ್ತು.

ಭಾವ ಅಕ್ಕನನ್ನು ಹೊತ್ತುಕೊಳ್ಳಲು ಹೋದ. ನಾಲ್ಕು ಹೆಜ್ಜೆಗೆ ಕೆಸರಿನಲ್ಲಿ ಜಾರಿ ಮಂಡಿಯೂರಿದ.

"ಪುಟ್ಟೀ..." ಅಕ್ಕನ ದನಿ ಉಡುಗಿಹೋಗಿತ್ತು. "ಈ ಸಲಾನೂ ನನ್ನ ಕೈಗೆ ಸಿಗಲ್ವೇನೇ?"

"ಸಿಗುತ್ತೆ ಅಕ್ಕ! ಹಾಗನ್ನಬೇಡ! ಉಸಿರು ಬಿಡು... ನನ್ನ ಕೈ ಹಿಡ್ಕೋ!"

ಆಂಬುಲೆನ್ಸಿನವರಿಗೆ ಫೋನು ಮಾಡಿದಳು. ಜೀಪು ಹುಡುಕುತ್ತಿದ್ದೇವೆ ಎಂದರು. ಇನ್ನು ಉಳಿದದ್ದು ಒಂದೇ ನಂಬರು. ತನ್ನ ಸಹವಾಸ ಸಾಕಾಯಿತು ಎಂದವನ ನಂಬರು! ಮಾನ ಅಡ್ಡ ಬಂತು. ಅಕ್ಕ ನರಳಿದಳು. ಮಾನ ಹಾಳಾಗಿ ಹೋಗಲಿ ಎಂದು ಒತ್ತಿದಳು.

"ಟೀಚರ್?"

"ಬನ್ನಿ... ಬೆಟ್ಟದ ದಾರಿ... ಅಕ್ಕ... ಆಕ್ಸಲ್ ಹೋಯ್ತು. ನನಗೋಸ್ಕರ ಅಲ್ಲ, ಅಕ್ಕನಿಗೋಸ್ಕರ ಬನ್ನಿ!"

"ಬಂದೆ."

ಆ ಅರ್ಧ ಗಂಟೆ ಅವಳಿಗೆ ಒಂದು ಯುಗ. ನಾಲ್ಕು ಇಂಚು ಎತ್ತಿಸಿದ್ದು ನಾನೇ... ಅಕ್ಕನ ಮಗುವನ್ನು ನಾನೇ ಕೊಂದೆನಾ?

ಕೊನೆಗೂ ತಿರುವಿನಲ್ಲಿ ಕೆಮ್ಮುತ್ತ, ಕುಲುಕುತ್ತ ಬಣ್ಣ ಹಾರಿದ ಹಳೆಯ ವ್ಯಾನೊಂದು ಕಾಣಿಸಿತು. ಮೊದಲಿನಿಂದಲೂ ಎತ್ತರದ ಗಾಡಿ ಅದು. ಅವನು ಹಾರಿ ಇಳಿದ. ಕಾರಿನ ಮುಂದಿನ ಚಕ್ರ ನೋಡಿದ. 'ಆಗಲೇ ಹೇಳಿರಲಿಲ್ವಾ' ಅನ್ನುತ್ತಾನೆಂದು ಅವಳು ಕಾದಳು. ಅವನು ಆಗಲೇ ಭಾವನ ಜೊತೆ ಸೇರಿ ಅಕ್ಕನನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿದ.

ಕೀ ತಿರುಗಿಸಿದ. ಕರ್ರ್... ಕರ್ರ್... ವ್ಯಾನು ಸುಮ್ಮನಾಯಿತು.

"ಅಯ್ಯೋ ದೇವರೇ!" ಎಂದ ಭಾವ.

ಅವನು ಡ್ಯಾಶ್‌ಬೋರ್ಡಿಗೆ ಹಣೆ ಹಚ್ಚಿದ. "ಬೇಡ ಕಣೇ... ವಾರ ವಾರ ಏನಾದ್ರೂ ಒಂದು ನೆಪ ತೆಗೀತೀಯ, ಸಹಿಸ್ಕೊಂಡಿದೀನಿ. ಇವತ್ತೊಂದು ದಿನ ಬೇಡ! ನಿನ್ನನ್ನ ಯಾರಿಗೂ ದಾಟಿಸಲ್ಲ, ಆಣೆ!"

ಅಕ್ಕನ ಪಕ್ಕದಿಂದ ಅವಳು ಮುಂದಕ್ಕೆ ಬಾಗಿದಳು.

"ಅವತ್ತು ಫೋನಲ್ಲಿ 'ಅವಳು' ಅಂದಿದ್ದು... ವ್ಯಾನನ್ನಾ?!"

"ಇನ್ಯಾರನ್ನ?" ಅವನು ಮತ್ತೆ ಕೀ ತಿರುಗಿಸಿದ. "ಗಿರಾಕಿಗಳ ಗಾಡಿ ಎಲ್ಲಾ 'ಅದು'. ನನ್ನದು ಮಾತ್ರ 'ಅವಳು'."

ವಾಹನ ನಪುಂಸಕಲಿಂಗ ಎಂದು ಮಕ್ಕಳಿಗೆ ತಿದ್ದಿ ತಿದ್ದಿ ಹೇಳುವ ಟೀಚರಿಗೆ ಆ ಒಂದು ಪದ ಮಾಡಿದ ಮೋಸ! ಅಷ್ಟರಲ್ಲಿ ಎಂಜಿನ್ ಗುಡುಗಿತು. ಅವಳು ಅಕ್ಕನನ್ನು ಎದೆಗೊತ್ತಿಕೊಂಡು, ಅಳುತ್ತಲೇ ಹಿಂದಿನಿಂದ ಕೂಗಿದಳು, "ಹೊರಡಿ! ಹೊರಡಿ!"

*

ಅಕ್ಕನನ್ನು ಟಾರಿನ ತುದಿಯಲ್ಲಿ ಆಂಬುಲೆನ್ಸಿಗೆ ಹತ್ತಿಸಿ, ವ್ಯಾನಿನಲ್ಲೇ ಹಿಂದೆ ಬಂದ ಇಬ್ಬರೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದರು. ಭಾವ ಒಳಗೆ ಹೋದ ಮೇಲೆ ಆಪರೇಷನ್ ಕೋಣೆಯ ಬಾಗಿಲು ತೆರೆಯುತ್ತಲೇ ಇರಲಿಲ್ಲ.

"ಕಾರು ಅಷ್ಟು ಎತ್ತರ ಆಗಿದ್ದನ್ನ ಶಾಲೆ ಮುಂದೆ ನೋಡಿದ್ದೆ," ಎಂದ ಅವನು ಮೆಲ್ಲಗೆ. "ಆಕ್ಸಲ್ ಹೋಗುತ್ತೆ ಅಂತ ಗೊತ್ತಿತ್ತು. ಫೋನ್ ಎತ್ತದಿದ್ರೂ ಬಂದು ಹೇಳಬೇಕಿತ್ತು. ಮುನಿಸು... ಹೇಳಲಿಲ್ಲ. ಒಳಗೆ ಏನಾದ್ರೂ ಆದ್ರೆ ಅದರಲ್ಲಿ ನನ್ನ ಪಾಲೂ ಇದೆ."

"ಕೇಳದೆ ಓಡಿಹೋದವಳು ನಾನು..." ಅವಳ ಕೈ ತಾನಾಗಿಯೇ ಅವನ ಗ್ರೀಸ್ ಕೈಯನ್ನು ಹಿಡಿಯಿತು.

ಬಾಗಿಲು ತೆರೆಯಿತು. ಭಾವ ಹೊರಬಂದ. ಇಷ್ಟು ದೊಡ್ಡ ಆಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ದಡಕ್ಕನೆ ಎದ್ದಳು.

ಆಗ ಒಳಗಿನಿಂದ ಒಂದು ಸಣ್ಣ, ಸಿಟ್ಟಿನ ಅಳು ಕೇಳಿಸಿತು!

"ಹೆಣ್ಣು..." ಎಂದ ಭಾವ. "ಇಬ್ಬರೂ ಚೆನ್ನಾಗಿದಾರೆ ಪುಟ್ಟಿ."

ಅವಳು ಅಲ್ಲೇ ಗೋಡೆಗೆ ಕುಸಿದು ಮನಸಾರೆ ಅತ್ತಳು. ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಏನು ಹೇಳಬೇಕೆಂದು ತಿಳಿಯದೆ, ತಿಳಿದದ್ದನ್ನೇ ಹೇಳಿದ.

"ನಿಮ್ಮ ಕಾರನ್ನ... ಇಳಿಸಿಕೊಡ್ಲಾ ಟೀಚರ್?"

"ಎಷ್ಟು?"

"ಎರಡೇ ಇಂಚು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಆಮೇಲೆ ಪ್ರತಿ ವಾರ ಏನಾದ್ರೂ ನೆಪ ಇಟ್ಕೊಂಡು ಬರ್ತೀನಿ."

"ನೆಪ ಯಾಕೆ? ಸುಮ್ಮನೆ ಬನ್ನಿ. ನೀವು ಬರದೇ ಇದ್ದ ವಾರಗಳಲ್ಲಿ ನಾನು ಮನುಷ್ಯನ ಹಾಗೆ ಇರಲಿಲ್ಲ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ನಾಳೆ ನಿಮ್ಮ ಸ್ನೇಹಿತರು ಫೋನ್ ಮಾಡಿ ನನ್ನ ವಿಷಯ ಕೇಳಿದ್ರೆ ಏನಂತ ಹೇಳ್ತೀರಿ? ಟೀಚರ್ ಅಂತಾನಾ?"

ಅವನು ತಡವರಿಸಿದ. ಕಿವಿ ಕೆಂಪಾಯಿತು.

"ಅವಳು... ಅಂತ ಹೇಳಬಹುದಾ?"

"ಹ್ಞೂಂ," ಎಂದಳು, ಅವನ ಭುಜಕ್ಕೆ ತಲೆಯಿಟ್ಟು. "ಆದ್ರೆ ದಾಟಿಸೋ ಹಾಗಿಲ್ಲ!"