ನಾಳೆಯ ಎಪಿಸೋಡು

"ಡಂ! ಡಂ! ಡಡಂ!"

ತುಂಗಾ ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು ಬಾಯಲ್ಲೇ ಮ್ಯೂಸಿಕ್ ಹಾಕಿದಳು. ಅಜ್ಜಿಯ ಹಳೇ ಸೀರೆ ಅವಳ ಹೆಗಲ ಮೇಲಿತ್ತು. ಒಂದು ಹುಬ್ಬು ಹಣೆಗೆ ಏರಿತ್ತು. ಇನ್ನೊಂದು ಮಾತು ಕೇಳದೆ ಇದ್ದಲ್ಲೇ ಕೂತಿತ್ತು.

"ಬೀಗದ ಕೈ ನನ್ನ ಸೊಂಟದಲ್ಲಿ ಇರೋವರೆಗೂ ಈ ಹೊಸಿಲು ದಾಟೋಕೆ ಯಾರನ್ನೂ ಬಿಡೋಳಲ್ಲ ಈ ವಜ್ರೇಶ್ವರಿ!"

ಪಕ್ಕದ ಮನೆಯ ಅಡುಗೆಮನೆ ಕಿಟಕಿಯಲ್ಲಿ ನಿಂತಿದ್ದ ಲಿಂಗಮ್ಮಜ್ಜಿ ಬಿದ್ದು ಬಿದ್ದು ನಕ್ಕರು. ಎರಡು ಕಿಟಕಿಗಳ ನಡುವೆ ಇದ್ದದ್ದು ಬೆಕ್ಕು ಆರಾಮವಾಗಿ, ನಾಯಿ ಕಷ್ಟಪಟ್ಟು ಹೋಗುವಷ್ಟು ಜಾಗ. ಮೂಡಲಪಾಳ್ಯದ ಆ ಬೀದಿಯಲ್ಲಿ ಎಲ್ಲ ಮನೆಗಳೂ ಹಾಗೇ, ರಶ್ಶಾದ ಬಸ್ಸಿನಲ್ಲಿ ನಿಂತವರ ಹಾಗೆ ಹೆಗಲಿಗೆ ಹೆಗಲು ತಾಗಿಸಿಕೊಂಡಿದ್ದವು.

"ಥೇಟ್ ಅವಳೇ ಕಣ್ರೀ ಶಿವಗಂಗಮ್ಮಾರೆ! ನಿಮ್ಮ ಮೊಮ್ಮಗಳನ್ನ ಸೀರಿಯಲ್ಲಿಗೇ ಸೇರಿಸ್ಬಿಡಿ," ಎಂದರು ಲಿಂಗಮ್ಮಜ್ಜಿ. "ಒಂಚೂರು ಆ ಮಾಲಿನಿ ತರ ಮಾಡವ್ವ. ಪಾಪ, ಹೊಳೆಗೆ ಬಿದ್ದು ಹೋದ್ಲಲ್ಲ, ಬದುಕಿದಾಳೋ ಇಲ್ವೋ."

ಹೊಗಳಿದರೆ ತುಂಗಾಗೆ ಬ್ರೇಕ್ ಹಿಡಿಯುವುದಿಲ್ಲ. ಸೀರೆಯನ್ನು ತಲೆ ಮೇಲೆ ಎಳೆದುಕೊಂಡು, ಗಂಟಲು ಸಣ್ಣ ಮಾಡಿ ಶುರು ಮಾಡಿಯೇಬಿಟ್ಟಳು.

"ಏನತ್ತೆ, ನಾನು ಸತ್ತೆ ಅಂದ್ಕೊಂಡ್ರಾ? ಸತ್ತಿಲ್ಲ! ಡಾಕ್ಟರ್ ವೇಷದಲ್ಲಿ ಇದೇ ಮನೆಗೆ ಬಂದಿದೀನಿ!"

ಲಿಂಗಮ್ಮಜ್ಜಿಯ ನಗು ನಿಂತಿತು. "ಇದ್ಯಾವಾಗ ಬಂತು? ನಾನ್ ನೋಡೇ ಇಲ್ವಲ್ಲ?"

"ನಾಳೆ ಬರುತ್ತೆ!"

"ನಾಳೆ ಬರೋದು ನಿಂಗೆ ಹೆಂಗವ್ವ ಗೊತ್ತು?"

"ತುಂಗಾ, ಕೆಳಗೆ ಇಳಿ," ಎಂದು ಅಜ್ಜಿ ಹಿಂದಿನಿಂದ ಸೀರೆ ಜಗ್ಗಿದರು. ಅಷ್ಟರಲ್ಲಿ ಮಾತು ಕಿಟಕಿ ದಾಟಿತ್ತು.

"ನಮ್ಮ ಹೊಸ ಟಿವೀಲಿ ಆಪ್ ಇದೆ ಲಿಂಗಮ್ಮಜ್ಜಿ! ಅದ್ರಲ್ಲಿ ಒಂದಿನ ಮೊದ್ಲೇ ಬರುತ್ತೆ. ನಾನೂ ನಮ್ಮಜ್ಜೀನೂ ಡೈಲಿ ನಾಳೇದನ್ನ ಇವತ್ತೇ ನೋಡ್ಬಿಡ್ತೀವಿ!"

ಲಿಂಗಮ್ಮಜ್ಜಿ ತುಂಗಾಳನ್ನು ಬಿಟ್ಟು ಅಜ್ಜಿಯನ್ನು ನೋಡಿದರು.

"ಓಹೋ. ಅದಕ್ಕೇ ನೀವು ಹೇಳಿದ್ದೆಲ್ಲ ನಿಜ ಆಗ್ತಿತ್ತು. ನಾನು ನಿಮಗೇನೋ ದೇವರು ಕಿವೀಲಿ ಬಂದು ಹೇಳ್ತಾನೆ ಅಂದ್ಕೊಂಡಿದ್ದೆ."

"ಹಂಗಲ್ಲ ಲಿಂಗಮ್ಮಾರೆ..."

ಕಿಟಕಿ ಮುಚ್ಚಿತು. ಚಿಲಕ ಬಿದ್ದ ಸದ್ದೂ ಕೇಳಿಸಿತು. ಆ ಕಿಟಕಿಗೆ ಒಂದು ಚಿಲಕ ಇದೆ ಅನ್ನುವುದೇ ತುಂಗಾಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಇದೆಲ್ಲ ಶುರುವಾಗಿದ್ದು ದೀಪಾವಳಿಗೆ ಸ್ಮಾರ್ಟ್ ಟಿವಿ ಬಂದಾಗ. ಅಪ್ಪ ಟೆರೇಸಿನ ಮೇಲಿದ್ದ ಡಿಶ್ ತೆಗೆಸಿಬಿಟ್ಟರು. "ಇನ್ಮೇಲೆ ಎಲ್ಲ ವೈಫೈನಲ್ಲೇ. ಯಾರಿಗೆ ಯಾವಾಗ ಏನು ಬೇಕೋ ಅದನ್ನ ನೋಡ್ಕೊಳ್ಳಿ," ಎಂದರು.

ಹಾಗೆಂದ ಅಪ್ಪನೇ ಟಿವಿ ಮುಂದೆ ಕೂರಲಿಲ್ಲ. ನಾಯಂಡಹಳ್ಳಿಯ ಗೋಡೌನಿನಲ್ಲಿ ಕೆಲಸ ಮುಗಿಸಿ ಬಂದವರು ಸೋಫಾಗೆ ಒರಗಿ ಫೋನಿನಲ್ಲಿ ನ್ಯೂಸ್ ನೋಡುತ್ತಿದ್ದರು. ಅಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಚಪಾತಿ ಲಟ್ಟಿಸುತ್ತಾ, ಇನ್ಯಾರೋ ಚಪಾತಿ ಲಟ್ಟಿಸುವ ವಿಡಿಯೋ ನೋಡುತ್ತಿದ್ದಳು. ಪಿಯುಸಿ ಓದುವ ಅಣ್ಣ ರೇವಂತ್‌ಗೆ ಎಲ್ಲವೂ ಡಬಲ್ ಸ್ಪೀಡಿನಲ್ಲೇ ಬೇಕು. ಅವನ ಫೋನಿನಲ್ಲಿ ಹೀರೋ ಗೊಳೋ ಅಂತ ಅತ್ತರೂ ಇಲಿ ಕಿಚಕಿಚ ಅಂದ ಹಾಗೆ ಕೇಳುತ್ತಿತ್ತು.

ಅಜ್ಜಿಗೆ ಬೇಕಾದದ್ದು ಒಂದೇ. ಏಳೂವರೆಗೆ 'ಬೀಗರ ಮನೆ ಬೆಳಕು'.

ಡಿಶ್ ಇದ್ದಾಗ ಅದು ಎರಡೂ ಮನೆಗಳಲ್ಲಿ ಒಟ್ಟಿಗೇ ಶುರುವಾಗುತ್ತಿತ್ತು. ಅಡ್ವರ್ಟೈಸ್‌ಮೆಂಟ್ ಬಂದ ತಕ್ಷಣ ಅಜ್ಜಿ ಈ ಕಡೆ ಏಳುತ್ತಿದ್ದರು, ಲಿಂಗಮ್ಮಜ್ಜಿ ಆ ಕಡೆ. ಒಬ್ಬರು ಸಾರು ಕದಡುವುದಕ್ಕೆ, ಇನ್ನೊಬ್ಬರು ಕುಕ್ಕರ್ ಆರಿಸುವುದಕ್ಕೆ, ಇಬ್ಬರೂ ಕಿಟಕಿಗೆ. ದಾವಣಗೆರೆ ಕಡೆಯ ಶೇಂಗಾ ಚಟ್ನಿಪುಡಿ ಆ ಕಿಟಕಿಗೆ ಹೋಗುತ್ತಿತ್ತು, ಆ ಕಿಟಕಿಯಿಂದ ಮಸ್ಸೊಪ್ಪು ಬರುತ್ತಿತ್ತು. ಜೊತೆಗೆ ದಿನಾ ಒಂದೇ ಪ್ರಶ್ನೆ:

"ನಾಳೆ ಏನಾಗುತ್ತೆ ಅಂತೀರಾ?"

ಒಬ್ಬರು ಹೀಗೆ ಅಂದರೆ ಇನ್ನೊಬ್ಬರು ಹಾಗಲ್ಲ ಅನ್ನುತ್ತಿದ್ದರು. ಯಾರ ಮಾತು ನಿಜವಾಗುತ್ತದೋ ಅವರ ಗದ್ದ ಮರುದಿನ ಸ್ವಲ್ಪ ಮೇಲೆ ಇರುತ್ತಿತ್ತು.

ಆಪ್‌ನಲ್ಲಿ ಅಡ್ವರ್ಟೈಸ್‌ಮೆಂಟೇ ಇಲ್ಲ. ಮೊದಲ ದಿನ ಅಜ್ಜಿ ಬ್ರೇಕಿಗಾಗಿ ಕಾದರು, ಕಾದರು, ಕೊನೆಗೆ ಸಾರು ತಳ ಹಿಡಿಯಿತು. "ಇದೇನವ್ವ ಇದು, ಉಸಿರು ಬಿಡೋಕೂ ಬಿಡದೆ ಓಡ್ತೈತಲ್ಲ!" ಸ್ಮಾರ್ಟ್ ಟಿವಿ ಅಜ್ಜಿಗೆ ಸ್ವಲ್ಪ ಓವರ್ ಸ್ಮಾರ್ಟ್ ಆಯಿತು.

ಐಡಿಯಾ ಕೊಟ್ಟವಳು ತುಂಗಾ. ತಾನು ಸ್ಕೂಲಿಂದ ಬಂದ ಕೂಡಲೇ ಇಬ್ಬರೂ ಸೀರಿಯಲ್ ನೋಡಿ ಮುಗಿಸುವುದು. ಏಳೂವರೆಗೆ ಸೀರಿಯಲ್ ಶುರುವಾಗಿ, ಲಿಂಗಮ್ಮಜ್ಜಿಯ ಮನೆಯ ಟಿವಿಯಲ್ಲಿ ಬ್ರೇಕಿನ ಸೋಪಿನ ಹಾಡು ಕೇಳಿಸಿದರೆ ಅಜ್ಜಿ ಆರಾಮಾಗಿ ಕಿಟಕಿಗೆ ಹೋಗುವುದು. ಲಿಂಗಮ್ಮಜ್ಜಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಅವರ ಟಿವಿ ಅರ್ಧ ಬೀದಿಗೆ ಕೇಳಿಸುತ್ತಿತ್ತು.

"ನಾಳೆ ಏನಾಗುತ್ತೆ ಅಂತೀರಾ?" ಎಂದು ಲಿಂಗಮ್ಮಜ್ಜಿ ಕೇಳಿದ ಮೊದಲ ದಿನ, ಅಜ್ಜಿಯ ಬಾಯಿಂದ ಇದ್ದದ್ದು ಇದ್ದ ಹಾಗೇ ಜಾರಿತು. ಮರುದಿನ ಲಿಂಗಮ್ಮಜ್ಜಿ ಕೈ ಮುಗಿಯುವುದೊಂದು ಬಾಕಿ. ಆಮೇಲೆ ಅಜ್ಜಿಯ ಗದ್ದ ಕೆಳಗೆ ಇಳಿಯಲೇ ಇಲ್ಲ. ತುಂಗಾಗೂ ಅದೊಂದು ಮಜಾ ಅನ್ನಿಸಿತ್ತು. ಚಿಲಕ ಬೀಳುವವರೆಗೆ.

ಮರುದಿನ ಕಿಟಕಿ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ.

"ಅಜ್ಜಿ, ಹೊಸ ಎಪಿಸೋಡ್ ಬಂದಿದೆ. ಹಾಕ್ಲಾ?"

"ಬ್ಯಾಡವ್ವ. ತಲೆನೋವು."

"ಮಾಲಿನಿ ಡಾಕ್ಟರ್ ಆಗಿ ಬಂದ್ಳಲ್ಲ, ಆಮೇಲೆ ಏನಾಯ್ತು ನೋಡಲ್ವಾ?"

"ಏನೋ ಒಂದು ಆಗಿರ್ತೈತೆ ಬಿಡು."

ಸಂಜೆ ಪಕ್ಕದ ಮನೆಯಿಂದ ಸೋಪಿನ ಹಾಡು ಕೇಳಿಸಿತು. ಅಜ್ಜಿ ದಿವಾನದಿಂದ ಎದ್ದರು. ಎರಡು ಹೆಜ್ಜೆ ಹೋಗಿ ನಿಂತರು.

"ಏನಜ್ಜಿ?"

"ನೀರು ಕುಡಿಯೋಣ ಅಂತ ಎದ್ದೆ," ಎಂದರು. ನೀರು ಕುಡಿಯದೆ ವಾಪಸ್ ಬಂದು ಕೂತರು.

"ಇಷ್ಟಕ್ಕೆಲ್ಲ ಜಗಳಾನಾ?" ರೇವಂತ್ ಒಂದು ಕಿವಿಯ ಇಯರ್‌ಫೋನ್ ತೆಗೆದು ನಕ್ಕ. "ಸ್ಪಾಯ್ಲರ್ ಅಜ್ಜಿ!"

"ನೀನು ಸುಮ್ನಿರೋ ಡಬಲ್ ಸ್ಪೀಡ್!" ಎಂದಳು ತುಂಗಾ. ಆದರೆ ಸ್ಪಾಯ್ಲ್ ಮಾಡಿದ್ದು ಅಜ್ಜಿಯಲ್ಲ, ತಾನು ಎಂದು ಅವಳಿಗೆ ಗೊತ್ತಿತ್ತು. ಅವತ್ತು ಯಾರು ಎಷ್ಟು ಕೇಳಿದರೂ ಅವಳು ಯಾರ ಮಿಮಿಕ್ರಿಯನ್ನೂ ಮಾಡಲಿಲ್ಲ.

ಭಾನುವಾರ ಅಜ್ಜಿ ಚಟ್ನಿಪುಡಿ ಕುಟ್ಟಿದರು. ಸ್ಟೀಲ್ ಬಟ್ಟಲಿಗೆ ತುಂಬಿ, ಮೇಲೆ ತಟ್ಟೆ ಮುಚ್ಚಿ, ತುಂಗಾಳ ಕೈಗೆ ಕೊಟ್ಟರು. "ಕೊಟ್ಟು ಬಾ. ಏನೂ ಮಾತಾಡಬ್ಯಾಡ."

ಅಜ್ಜಿ ಆ ಮನೆಗೆ ಬಟ್ಟಲನ್ನು ಬಾಗಿಲಿನಿಂದ ಕಳಿಸಿದ್ದು ಅದೇ ಮೊದಲು.

ಸೋಮವಾರದಿಂದ ಶನಿವಾರದವರೆಗೆ ಬಂದ ಎಪಿಸೋಡುಗಳೆಲ್ಲ ಅವತ್ತು ಮತ್ತೆ ಬರುತ್ತಿದ್ದವು. ಲಿಂಗಮ್ಮಜ್ಜಿ ಒಬ್ಬರೇ ಟಿವಿ ಮುಂದೆ ಕೂತಿದ್ದರು. ಸೊಸೆ ರೂಮಿನಲ್ಲಿ ಫೋನ್ ನೋಡುತ್ತಿದ್ದಳು. ಮೊಮ್ಮಗ ಸಮರ್ಥ ಮೂಲೆಯಲ್ಲಿ ಟ್ಯಾಬ್ ಹಿಡಿದು ಗೇಮಿನಲ್ಲಿ ಯಾರನ್ನೋ ಢಂ ಢಂ ಅಂತ ಸುಡುತ್ತಿದ್ದ.

ಲಿಂಗಮ್ಮಜ್ಜಿ ಬಟ್ಟಲು ತಗೊಂಡರು. ಪುಡಿಯನ್ನು ತಮ್ಮ ಡಬ್ಬಿಗೆ ಸುರಿದುಕೊಂಡರು. ಬಟ್ಟಲು ತೊಳೆದರು, ಒರೆಸಿದರು.

"ಸಾರಿ ಲಿಂಗಮ್ಮಜ್ಜಿ," ಎಂದಳು ತುಂಗಾ. ಮಾತಾಡಬೇಡ ಎಂದಿದ್ದರು ನಿಜ. ಆದರೆ ಒಂದೇ ಒಂದು ಮಾತು.

"ನಿನ್ ಮೇಲೆ ಏನ್ ಕೋಪ ಕೂಸೆ. ನಾನು ಪಾತ್ರೆ ತೊಳೆಯೋವಾಗ, ಬಟ್ಟೆ ಒಣಗಾಕೋವಾಗ, ಇಡೀ ದಿನ ಯೋಚನೆ ಮಾಡ್ತಿದ್ದೆ. ಹಂಗಾಗುತ್ತೋ ಹಿಂಗಾಗುತ್ತೋ ಅಂತ. ನಿಮ್ಮಜ್ಜಿ ಎಲ್ಲ ಗೊತ್ತಿಟ್ಕೊಂಡು, ನಾನು ಬಡ್ಕೊಳ್ಳೋದನ್ನ ನೋಡ್ತಾ ನಿಂತಿದ್ರಲ್ಲ."

ಅಷ್ಟರಲ್ಲಿ ಟಿವಿಯಲ್ಲಿ ಸೋಪಿನ ಹಾಡು ಬಂತು. ಲಿಂಗಮ್ಮಜ್ಜಿ ಸರಕ್ಕನೆ ಅಡುಗೆಮನೆ ಕಡೆ ತಿರುಗಿದರು. ಚಿಲಕ ಹಾಕಿದ್ದ ಕಿಟಕಿಯನ್ನು ನೋಡಿದರು. ನಿಧಾನವಾಗಿ ವಾಪಸ್ ಬಂದು ಕುರ್ಚಿಯಲ್ಲಿ ಕೂತರು.

ತುಂಗಾಗೆ ಮನೆಯಲ್ಲಿ ನೋಡಿದ್ದು ನೆನಪಾಯಿತು. ನಮ್ಮಜ್ಜಿಯೂ ಹೀಗೇ ಎದ್ದಿದ್ದರಲ್ಲ, ನೀರು ಕುಡಿಯೋಕೆ ಅಂತ.

ಮನೆಗೆ ಬಂದು ಬಟ್ಟಲು ಕೊಟ್ಟಳು. ಅಜ್ಜಿ ತಟ್ಟೆ ತೆಗೆದು ಒಳಗೆ ನೋಡಿದರು. ಆ ಎರಡು ಮನೆಗಳ ನಡುವೆ ಯಾವ ಬಟ್ಟಲೂ ಬರಿದಾಗಿ ವಾಪಸ್ ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರುತ್ತಿತ್ತು. ಇವತ್ತು ಬಟ್ಟಲಿನ ತಳದಲ್ಲಿ ಅಜ್ಜಿಯ ಮುಖ ಮಾತ್ರ ಕಾಣುತ್ತಿತ್ತು.

ಅಜ್ಜಿ ಅದನ್ನು ಮೇಲಿನ ಶೆಲ್ಫಿನಲ್ಲಿ ಬೋರಲು ಹಾಕಿದರು.

ರಾತ್ರಿ ಊಟಕ್ಕೆ ಕೂತಾಗ ತುಂಗಾ ಕೇಳಿದಳು, "ಅಪ್ಪಾ, ಡಿಶ್ ವಾಪಸ್ ಹಾಕ್ಸೋಕಾಗುತ್ತಾ?"

"ಯಾಕೆ? ಸೀರಿಯಲ್ಲು ಮೊದ್ಲೇ ಬರುತ್ತೆ, ಅಡ್ವರ್ಟೈಸ್‌ಮೆಂಟೂ ಇಲ್ಲ. ಇನ್ನೇನು ಬೇಕು?"

'ಅಡ್ವರ್ಟೈಸ್‌ಮೆಂಟೇ ಬೇಕು' ಎಂದರೆ ಅಪ್ಪ ನಗುತ್ತಾರೆ. ತುಂಗಾ ಊಟ ಮುಗಿಸಿದಳು. ತಟ್ಟೆ ತೊಳೆಯುವಾಗ ಅವಳಿಗೆ ಹೊಳೆಯಿತು. ಆಪ್‌ನಲ್ಲಿ ಮೇಲೆ ಇರುವುದು ನಾಳೆಯದು. ಅದರ ಕೆಳಗಿನದು? ಅದು ಇವತ್ತಿನದೇ ಅಲ್ಲವಾ!

ಸೋಮವಾರ ಏಳೂವರೆಗೆ ಅವಳು ರಿಮೋಟ್ ಹಿಡಿದು ನಿಂತಳು. ಒಂದು ಕೈಯಲ್ಲಿ ನ್ಯೂಸ್ ಪೇಪರ್ ಹಿಡಿದು ಟಿವಿಯ ಮೇಲಿನ ಅರ್ಧವನ್ನು ಮುಚ್ಚಿದಳು. ನಾಳೆಯ ಎಪಿಸೋಡಿನ ಫೋಟೋ ಅಲ್ಲೇ ಇರುತ್ತದೆ, ನೋಡಿದರೆ ಅರ್ಧ ಕತೆ ಗೊತ್ತಾಗಿಬಿಡುತ್ತದೆ.

"ಏನೇ ಅದು, ಟಿವಿಗೆ ಸ್ನಾನ ಮಾಡಿಸ್ತಿದೀಯಾ?" ಎಂದ ರೇವಂತ್.

"ಶ್! ಅಜ್ಜಿ, ಬನ್ನಿ ಇಲ್ಲಿ. ಪ್ಲೀಸ್. ಇವತ್ತೊಂದಿನ."

ಪಕ್ಕದ ಮನೆಯಲ್ಲಿ ಟೈಟಲ್ ಸಾಂಗ್ ಶುರುವಾಯಿತು. ತುಂಗಾ ಕೆಳಗಿನ ಎಪಿಸೋಡನ್ನು ಒತ್ತಿದಳು. ಎರಡೂ ಮನೆಗಳಲ್ಲಿ ವಜ್ರೇಶ್ವರಿ ಒಟ್ಟಿಗೇ ಕಿರುಚಿದಳು. ಅಜ್ಜಿ ಒಲ್ಲದ ಮನಸ್ಸಿನಿಂದ ಬಂದು ಕೂತರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

"ಈ ಗಡ್ಡದೋನು ಯಾರು? ಮಾಲಿನಿ ಯಾಕೆ ಅಳ್ತಾಳೆ? ನಡುವೆ ಏನಾತು?"

ಆಚೆಯಿಂದ ಸೋಪಿನ ಹಾಡು ಕೇಳಿಸಿತು. ತುಂಗಾ ಪಾಜ್ ಬಟನ್ ಒತ್ತಿದಳು. ವಜ್ರೇಶ್ವರಿ ಬಾಯಿ ತೆರೆದುಕೊಂಡೇ ನಿಂತಳು.

"ಯಾಕೆ ನಿಲ್ಲಿಸಿದೆ? ಕರೆಂಟು ಹೋತಾ?"

ತುಂಗಾ ದಿವಾನದ ಮೇಲೆ ಹಾರಿ ನಿಂತಳು. "ನಿಮ್ಮ ಪಾತ್ರೆಯ ಜಿಡ್ಡು ಹೋಗ್ತಿಲ್ವಾ? ಸೊಸೆ ಬೈತಿದಾಳಾ? ಬಳಸಿ, ಡಿಂಗ್‌ಡಾಂಗ್ ಡಿಶ್‌ವಾಶ್! ಒಂದೇ ತಿಕ್ಕು, ಪಾತ್ರೆ ಮೇಲಿನ ಹೆಸರೂ ಅಳಿಸಿ ಹೋಗುತ್ತೆ! ಬ್ರೇಕ್ ಕಣಜ್ಜಿ, ಬ್ರೇಕ್! ಏಳಿ!"

ಅಜ್ಜಿಗೆ ನಗು ಬಂತು. ಆಮೇಲೆ ಅರ್ಥವೂ ಆಯಿತು. ನಿಧಾನವಾಗಿ ಎದ್ದು ಅಡುಗೆಮನೆಗೆ ಹೋದರು. ತುಂಗಾ ಬಾಗಿಲ ಬಳಿ ನಿಂತಳು.

"ಲಿಂಗಮ್ಮಾರೆ," ಎಂದರು ಅಜ್ಜಿ ಮುಚ್ಚಿದ ಕಿಟಕಿಗೆ, ಸ್ವಲ್ಪ ಜೋರಾಗಿಯೇ. "ಆ ಗಡ್ಡದೋನು ಯಾರ್ರೀ?"

ಆ ಕಡೆ ಯಾವುದೋ ಲೋಟ ಇಟ್ಟ ಸದ್ದು ಮಾತ್ರ ಬಂತು.

"ಅವತ್ತಿಂದ ನಾನು ನೋಡೇ ಇಲ್ಲ. ನಾಳೇದೂ ಇಲ್ಲ, ನಿನ್ನೇದೂ ಇಲ್ಲ. ಒಬ್ಬಳೇ ನೋಡೋಕೆ ಮನಸೇ ಬರಲಿಲ್ಲ. ತಪ್ಪು ಮಾಡಿದೆ ಕಣ್ರೀ. ನೀವು ಬೆರಗಾಗೋದು ನೋಡಿ ಜಂಬ ಬಂದಿತ್ತು."

ತುಂಗಾ ಕೈಯಲ್ಲಿದ್ದ ರಿಮೋಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಜವಾಗ್ಲೂ ಗೊತ್ತಿಲ್ವಾ?" ಎಂದಿತು ಕಿಟಕಿ.

"ನಿಜವಾಗ್ಲೂ."

"ವಜ್ರೇಶ್ವರಿಗೆ ಇನ್ನೊಬ್ಬ ಮಗ ಇರೋದು?"

"ಏನು? ಇನ್ನೊಬ್ಬ ಮಗಾನಾ?"

ಚಿಲಕ ಸರಿಯಿತು. ಕಿಟಕಿ ಅರ್ಧ ತೆರೆಯಿತು. ಅಷ್ಟು ದೊಡ್ಡ ಸುದ್ದಿಯನ್ನು ಅಷ್ಟು ಸಣ್ಣ ಸಂದಿಯಲ್ಲಿ ಹೇಳುವುದಕ್ಕಾಗದೆ ಪೂರ್ತಿ ತೆರೆಯಿತು.

"ಅಯ್ಯೋ, ನಿಮಗೆ ಮೊದಲಿಂದ ಹೇಳ್ಬೇಕು ಹಂಗಾದ್ರೆ! ಶುಕ್ರವಾರ ಏನಾಯ್ತು ಅಂದ್ರೆ..." ಲಿಂಗಮ್ಮಜ್ಜಿ ಸೆರಗು ಸಿಕ್ಕಿಸಿಕೊಂಡರು. ಗದ್ದ ಆಗಲೇ ಮೇಲೇರಿತ್ತು. ಅಜ್ಜಿ ಬಾಯಿ ಬಿಟ್ಟುಕೊಂಡು ಕೇಳಿದರು.

ಪಕ್ಕದ ಮನೆಯಲ್ಲಿ ಬ್ರೇಕ್ ಮುಗಿದು ಸೀರಿಯಲ್ ಶುರುವಾಯಿತು. ವಜ್ರೇಶ್ವರಿ ಖಾಲಿ ಕುರ್ಚಿಗೆ ಬೈಯತೊಡಗಿದಳು. ಕಿಟಕಿಯಲ್ಲಿದ್ದವರು ಅಲ್ಲಾಡಲಿಲ್ಲ.

"ಹಂಗಾದ್ರೆ ನಾಳೆ ಏನಾಗುತ್ತೆ ಅಂತೀರಾ?" ಎಂದರು ಲಿಂಗಮ್ಮಜ್ಜಿ ಕೊನೆಗೆ.

"ಗಡ್ಡದೋನು ಮಾಲಿನಿ ಕಡೆ ಸೇರ್ತಾನೆ."

"ಎಲ್ಲಾದ್ರೂ ಉಂಟಾ? ಅವನು ತಾಯಿ ಕಡೇನೇ. ನೋಡ್ತಿರಿ."

"ಗಡ್ಡ ಸುಳ್ಳು ಗಡ್ಡ ಅನ್ಸುತ್ತೆ," ಎಂದಳು ತುಂಗಾ.

ಇಬ್ಬರೂ ಅವಳ ಕಡೆ ಅನುಮಾನದಿಂದ ತಿರುಗಿದರು.

"ಇಲ್ಲ! ಪ್ರಾಮಿಸ್! ನಾನು ಪೇಪರ್ ಅಡ್ಡ ಹಿಡಿದಿದ್ದೆ! ಸುಮ್ನೆ ಗೆಸ್ ಮಾಡಿದ್ದು."

"ಸುಮ್ಮನೆ ಹೋಗೇ, ಸುಳ್ಳು ಗಡ್ಡ ಅಂತೆ," ಎಂದು ಅಜ್ಜಿ ನಕ್ಕರು.

"ಬಟ್ಟಲು ಕೊಡಿ ಇಲ್ಲಿ," ಎಂದರು ಲಿಂಗಮ್ಮಜ್ಜಿ. ಬೋರಲು ಹಾಕಿದ್ದ ಬಟ್ಟಲು ಶೆಲ್ಫಿನಿಂದ ಇಳಿದು ಆ ಕಡೆ ಹೋಯಿತು. ವಾಪಸ್ ಬಂದಾಗ ಅದರ ತುಂಬಾ ಹಿತಕಿದ ಬೇಳೆ ಸಾರು ಇತ್ತು. ಅವರೆಕಾಯಿಯ ವಾಸನೆ ಹಾಲ್‌ವರೆಗೂ ಬಂತು. ರೇವಂತ್ ಎರಡೂ ಕಿವಿಯ ಇಯರ್‌ಫೋನ್ ತೆಗೆದ.

ಊಟವಾದ ಮೇಲೆ ಅವನು ಟಿವಿಯ ಮುಂದೆ ಬಂದ. "ಏಯ್ ತುಂಗಾ, ಮೇಲಿಂದು ಒತ್ತಿದ್ರೆ ಗಡ್ಡ ನಿಜವೋ ಸುಳ್ಳೋ ಗೊತ್ತಾಗುತ್ತೆ. ಒಂದೇ ಬಟನ್. ನೋಡ್ಬಿಡೋಣ್ವಾ?"

ತುಂಗಾಳ ಹೆಬ್ಬೆರಳು ಆ ಬಟನ್ನಿನ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಅಡುಗೆಮನೆಯಲ್ಲಿ ಅಜ್ಜಿ ಪಾತ್ರೆ ಒರೆಸುತ್ತಾ, "ಮಾಲಿನಿ ಕಡೇನೇ ಸೇರೋದು ಅವನು," ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು.

ತುಂಗಾ ಟಿವಿ ಆಫ್ ಮಾಡಿದಳು. ಹಲ್ಲುಜ್ಜುವಾಗಲೂ, ಬ್ಯಾಗಿಗೆ ಪುಸ್ತಕ ಹಾಕುವಾಗಲೂ, ಹಾಸಿಗೆಯಲ್ಲಿ ಮಲಗಿದ ಮೇಲೂ, ಅವಳು ಆ ಗಡ್ಡದ ಬಗ್ಗೆಯೇ ಯೋಚಿಸುತ್ತಿದ್ದಳು.