ತುರುಬು ಬಿಟ್ಟು ನಾಲ್ಕಡಿ ಹನ್ನೊಂದು

"ತುರುಬು ಲೆಕ್ಕಕ್ಕಿಲ್ಲ."

ಹಾಗೆಂದು ಚಲುವಯ್ಯ ಮರದ ಪಟ್ಟಿಯಿಂದ ಬೈರಮ್ಮನ ತುರುಬನ್ನು ಒತ್ತಿ ಹಿಡಿದ. "ನಾಲ್ಕಡಿ ಹನ್ನೊಂದು. ತುರುಬು ಬಿಟ್ಟು."

ಹಲಸೂರಿನ ಮಹಿಳಾ ಕ್ಲಬ್ಬಿನ ಅಂಗಳದಲ್ಲಿ ಸಾಲಾಗಿ ನಿಂತಿದ್ದವರೆಲ್ಲ ಘೊಳ್ಳೆಂದು ನಕ್ಕರು. ಅವನೂ ನಕ್ಕ. ಅದೇ ತಪ್ಪಾಯಿತು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಕ್ಲಬ್ಬಿನವರು ಹೆಂಗಸರ ಬ್ಯಾಸ್ಕೆಟ್‌ಬಾಲ್ ಟೀಮು ಕಟ್ಟುತ್ತಾರೆಂದು ಕೇಳಿ ಬೈರಮ್ಮ ಆಸೆಯಿಂದ ಬಂದಿದ್ದಳು. ಇಪ್ಪತ್ತು ವರ್ಷದವಳು, ಬೈಯಪ್ಪನಹಳ್ಳಿಯಿಂದ ದಿನಾ ಹಾಲು ಹೊತ್ತು ಬೆಂಗಳೂರು ದಂಡಿನ ಬೀದಿಗಳಿಗೆ ನಡೆಯುವವಳು. ಚಲುವಯ್ಯ ಬರ್ಮಾದ ರಣರಂಗದಿಂದ ಮರಳಿದ ಡ್ರಿಲ್ ಮಾಸ್ಟರು. ಮೈಕಟ್ಟು ಅಳೆದು ಬರೆಯುವುದು ಅವನ ಕೆಲಸ.

ಆಂಜನಮ್ಮ ಐದಡಿ ಏಳು, ಉದ್ದ ಕೈ. ಮುನಿಲಕ್ಷ್ಮಮ್ಮ ಅಗಲ ಭುಜದವಳು, ತಳ್ಳಿದರೂ ಅಲುಗುವುದಿಲ್ಲ. ಆಮೇಲೆ ಎಲ್ಲರೂ ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆ ಮುಟ್ಟಬೇಕು. ನಿಂತು ಒಂದು ಗುರುತು, ಹಾರಿ ಇನ್ನೊಂದು.

ಬೈರಮ್ಮ ಹಾರಿದಾಗ ಚಲುವಯ್ಯನ ನಗು ನಿಂತಿತು. ಅವಳು ಅದನ್ನು ನೋಡಲಿಲ್ಲ. ಕಣ್ಣು ತುಂಬಿತ್ತಲ್ಲ...

ಮರುದಿನ ಆಯ್ಕೆಯಾದವರ ಪಟ್ಟಿಯಲ್ಲಿ ಆಂಜನಮ್ಮ, ಮುನಿಲಕ್ಷ್ಮಮ್ಮ ಇದ್ದರು; ಬೈರಮ್ಮನ ಹೆಸರಿರಲಿಲ್ಲ.

'ನಿನ್ನ ಟೀಮನ್ನ ನಿನ್ನ ಅಂಗಳದಲ್ಲೇ ಮಣ್ಣು ಮುಕ್ಕಿಸ್ತೀನಿ... ನೋಡ್ತಿರು,' ಎಂದು ಅವಳು ಮನಸ್ಸಿನಲ್ಲೇ ಚಲುವಯ್ಯನಿಗೆ ಸವಾಲು ಹಾಕಿದಳು.

ಅದೇ ವಾರ ದಂಡಿನ ಇನ್ನೊಂದು ಪೇಟೆಯಾದ ಬ್ಲ್ಯಾಕ್‌ಪಲ್ಲಿಯ ಟೀಮಿನ ನಾಯಕಿ ಇಮಾಮ್ ಬೀ ಅವಳ ಮನೆ ಹುಡುಕಿಕೊಂಡು ಬಂದಳು. "ನಮ್ ಕಡೆ ಆಡ್ತೀಯಾ?"

ಬೈರಮ್ಮ ಹ್ಞೂಂ ಎನ್ನಲು ಒಂದು ಉಸಿರೂ ತಡಮಾಡಲಿಲ್ಲ. ಆರು ತಿಂಗಳು ಸೀರೆಯ ಕಚ್ಚೆ ಕಟ್ಟಿ ಓಡಿದಳು, ಹಾರಿದಳು. ದಣಿದಾಗಲೆಲ್ಲ ಅವನ ನಗುವನ್ನು ನೆನೆಸಿಕೊಳ್ಳುತ್ತಿದ್ದಳು. ದಿನವಿಡೀ ಒಬ್ಬನನ್ನೇ ನೆನೆಯುವುದಕ್ಕೆ ಬೇರೆ ಹೆಸರೂ ಇದೆ ಎಂದು ಅವಳಿಗೆ ಯಾರು ಹೇಳಬೇಕು?

ಹಲಸೂರಿನ ಅಂಗಳದಲ್ಲೇ ನಡೆದ ಪಂದ್ಯದ ದಿನ ಆಂಜನಮ್ಮ ಕೈ ಚಾಚುವಷ್ಟರಲ್ಲಿ ಬೈರಮ್ಮ ಕೆಳಗಿನಿಂದ ಚೆಂಡು ಕಸಿದಿರುತ್ತಿದ್ದಳು. ಮುನಿಲಕ್ಷ್ಮಮ್ಮ ಅಡ್ಡ ಬರುವಷ್ಟರಲ್ಲಿ ಚೆಂಡು ಬುಟ್ಟಿಯೊಳಗೆ ಬಿದ್ದಿರುತ್ತಿತ್ತು. ಹಲಸೂರು ಸೋತಿತು.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಸೀಮೆಸುಣ್ಣ ಹಿಡಿದು ನೇರ ಅವನೆದುರು ನಿಂತಳು.

"ಮಾಸ್ಟ್ರೇ, ಎಲ್ಲರನ್ನೂ ಅಳೆದ್ರಲ್ಲ. ಈಗ ನೀವು ಹಾರಿ. ಜನ ನೋಡ್ಲಿ."

ಅವನು ಬೆರಳಿಗೆ ಸುಣ್ಣ ಹಚ್ಚಿಕೊಂಡು, ನಿಂತು ಒಂದು ಗುರುತು ಹಾಕಿ, ಹಾರಿದ. ಬರ್ಮಾದಲ್ಲಿ ಗುಂಡು ತಗುಲಿದ್ದ ಮೊಣಕಾಲು ಮಡಚಿಕೊಂಡಿತು. ನೆಲಕ್ಕೆ ಬಿದ್ದ. ಎರಡು ಗುರುತುಗಳ ನಡುವೆ ಒಂದು ಬೆರಳಿನಷ್ಟೂ ಅಂತರವಿರಲಿಲ್ಲ.

ಜನ ನಕ್ಕರು. ಬೈರಮ್ಮನಿಗೆ ನಗು ಬರಲಿಲ್ಲ. ಆರು ತಿಂಗಳು ಕಾದ ಸುಖ ಇದೇನಾ?

ಇಮಾಮ್ ಬೀ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. "ಅರೆ, ಏನ್ ಮಾಡ್ದೆ ನೀನು? ನಂಗೆ ನಿನ್ ಮನೆ ತೋರ್ಸಿದ್ದು ಈ ಮಾಸ್ಟ್ರೇ ಕಣೇ. ಕ್ಲಬ್ಬಿನವ್ರು ಎತ್ತರದವ್ರೇ ಬೇಕು ಅಂತ ಹಠ ಹಿಡಿದ್ರು. ಇವ್ರು ಜಗಳ ಆಡಿ ಸೋತ್ರು. 'ನಮ್ಮನ್ನ ಸೋಲಿಸಿದ್ರೂ ಸರಿ, ಆ ಹುಡುಗಿ ಆಡ್ಬೇಕು' ಅಂತ ನನ್ ಹತ್ರ ಬಂದ್ರು."

ಆಗ ಅವಳು ಗೋಡೆ ನೋಡಿದಳು. ಹೊಸ ಸುಣ್ಣ ಬಳಿದಿದ್ದರೂ ಒಂದು ಕಡೆ ಮಾತ್ರ ಹಾಗೇ ಬಿಟ್ಟಿತ್ತು. ಅಲ್ಲಿ ಎರಡು ಹಳೇ ಗುರುತು, ನಡುವೆ ಎರಡು ಗೇಣು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವಳ ಹೆಸರು.

ಚಲುವಯ್ಯ ಜಗಲಿಯ ಮೇಲೆ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತಿದ್ದ. ಬೈರಮ್ಮ ಒದ್ದೆ ಬಟ್ಟೆ ತಂದು ಮೊಣಕಾಲಿಗೆ ಕಟ್ಟಿದಳು.

"ಹಾರಕ್ಕಾಗಲ್ಲ ಅಂತ ಹೇಳ್ಬಾರ್ದಿತ್ತಾ?"

"ಆವತ್ತು ನಿಮ್ಮನ್ನ ನೋಡಿ ಜನ ನಗೋ ಹಾಗೆ ಮಾಡ್ದೆ. ಇವತ್ತು ನನ್ನ ಸರದಿ."

"ನನ್ನನ್ನ ಕಳ್ಸಿದ್ದು ನೀವೇ ಅಂತಾದ್ರೂ..."

"ಹೇಳಿದ್ರೆ ನಿಮ್ಮ ಸಿಟ್ಟು ಇಳೀತಿತ್ತು. ನೀವು ಬಿಟ್ಟ ಕಣ್ಣು ಬಿಟ್ಟ ಹಾಗೆ ನನ್ನನ್ನೇ ನೋಡ್ಕೊಂಡು ಆಡ್ತಿದ್ರಲ್ಲ... ಅದು ನನಗೆ ಬೇಕಾಗಿತ್ತು, ಬೈರಮ್ಮಾ. ಸಿಟ್ಟಾದ್ರೂ ಸರಿ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ಸೋಲಲು ಮನಸ್ಸಿಲ್ಲ.

"ನನ್ ಸೇಡು ಇನ್ನೂ ತೀರಿಲ್ಲ."

"ಏನ್ ಮಾಡ್ಬೇಕು ಹೇಳಿ."

"ಕಾಲು ವಾಸಿಯಾದ ಮೇಲೆ ಬೈಯಪ್ಪನಹಳ್ಳಿಗೆ ಬನ್ನಿ. ನಮ್ಮಪ್ಪನ ಹತ್ರ ಮಾತಾಡಿ. ಬರುವಾಗ ಮಲ್ಲಿಗೆ ತನ್ನಿ. ನೀವು ಲೆಕ್ಕಕ್ಕಿಲ್ಲ ಅಂದ ತುರುಬಿಗೆ."

ಚಲುವಯ್ಯ ನಕ್ಕ. ಈ ಸಲ ಅವಳೂ ನಕ್ಕಳು.

"ಎಷ್ಟು ಮೊಳ ತರ್ಲಿ?"

"ಅಳೀಬೇಡಿ," ಎಂದಳು ಬೈರಮ್ಮ. "ಸುಮ್ನೆ ತನ್ನಿ."