ಅವನ ಪಂದ್ಯಕ್ಕೆ ನಾನು ಬರಬಾರದಂತೆ

"ಭಾನುವಾರ ನೀನು ಬರೋದು ಬೇಡ, ಕಡ್ಡಿ," ಎಂದ ನವೆಲ್. ನನ್ನ ಮುಖ ಬಿಟ್ಟು, ನಮ್ಮ ಬೇಕರಿಯ ಗಾಜಿನೊಳಗಿದ್ದ ಬನ್ನುಗಳನ್ನೇ ನೋಡುತ್ತಿದ್ದ.

ಸುಳ್ಳು ಹೇಳುವಾಗಲೆಲ್ಲ ಅವನಿಗೆ ತಿಂಡಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ.

"ಯಾಕೆ ಬೇಡ?"

"ಟಿಕೆಟ್ ಸಿಕ್ಕಲಿಲ್ಲ."

"ಆಡೋನಿಗೇ ಟಿಕೆಟ್ ಇಲ್ವಾ?"

"ಚಳಿ ಬೇರೆ ಜಾಸ್ತಿ."

"ನಾನೇನು ಬೆಣ್ಣೆನಾ, ಗಟ್ಟಿಯಾಗೋಕೆ?"

ಅವನು ನಕ್ಕ. ಬೇರೆ ದಿನವಾಗಿದ್ದರೆ ಆ ನಗುವಿಗೆ ಎರಡು ಬನ್ನು ಪುಕ್ಕಟೆ ಕೊಡುತ್ತಿದ್ದೆ. ಅವತ್ತು ಕೊಡಲಿಲ್ಲ.

ಬೇರೆ ಪಂದ್ಯವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅಲ್ಬೊರಾದಾ ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ತಂಡದ ಸ್ಟ್ರೈಕರ್ ಮಂಡಿ ಮುರಿದುಕೊಂಡು ಕೂತಿದ್ದ. ಅವನ ಜಾಗಕ್ಕೆ ರಿಸರ್ವ್ ತಂಡದಿಂದ ನನ್ನ ನವೆಲ್‌ನನ್ನು ಕರೆದಿದ್ದರು. ಇಡೀ ರೊಸಾರಿಯೊ ಊರೇ ನೋಡಬಹುದು, ನಾನೊಬ್ಬಳು ನೋಡಬಾರದು!

ನನ್ನ ಈ ಸ್ಟ್ರೈಕರ್ ಬೆಳೆದದ್ದೇ ನಮ್ಮ ಬೇಕರಿಯ ಹಿಂದಿನ ಗೋಡೆಗೆ ಚೆಂಡು ಒದ್ದು ಒದ್ದು. ದಿನಾ ಸಂಜೆ ಧಡ್ ಧಡ್ ಸದ್ದಿಗೆ ನಮ್ಮ ತಟ್ಟೆಗಳೆಲ್ಲ ಕುಣಿಯುತ್ತಿದ್ದವು. ಒಂದು ದಿನ ಲಟ್ಟಣಿಗೆ ಹಿಡಿದು ಬೈಯಲು ಹೋದೆ. "ಎಡಗಾಲು ದಡ್ಡ, ಟ್ಯೂಷನ್ ಕೊಡ್ತಿದ್ದೀನಿ," ಎಂದ. ಬೆವರಿಗೆ ಅಂಟಿದ್ದ ಕೂದಲ ಕೆಳಗಿನಿಂದ ಅವನು ನೋಡಿದ ರೀತಿಗೆ ಬೈಗುಳ ಮರೆತೇ ಹೋಯಿತು.

ಆಗ ಅವನು ಮೈದಾನದ ಅಂಚಿನಲ್ಲಿ ಓಡುವ ಆಟಗಾರ. ಕೋಚ್ ದೋನ್ ಒರಾಸಿಯೊ ಅವನನ್ನು ನಡುವಿಗೆ ತಂದು ನಿಲ್ಲಿಸಿದರು. ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿಯುವುದನ್ನು, ಎದುರಾಳಿಯ ಮೊಣಕೈ ಪಕ್ಕೆಗೆ ತಿವಿದರೂ ಅಲ್ಲಾಡದಿರುವುದನ್ನು ಕಲಿಸಿದರು. ಒಂದು ವರ್ಷ ಅವನ ಮೈಯೆಲ್ಲ ನೀಲಿ ನೀಲಿ. ಆಮೇಲೆ ಗೋಲುಗಳು ಬರತೊಡಗಿದವು. ನನ್ನನ್ನು ಪಂದ್ಯಕ್ಕೆ ಕರೆಯುವುದು ನಿಂತದ್ದೂ ಆಗಲೇ.

ಹೆಸರು ಬಂತು, ಹುಡುಗಿಯರೂ ಬಂದಿರಬೇಕು. ಈಚೆಗೆ ಫೋನನ್ನು ಮಗುಚಿಯೇ ಇಡುತ್ತಿದ್ದ. "ಯಾರ ಮೆಸೇಜು?" ಎಂದರೆ "ಟೀಮಿನವರದು" ಎನ್ನುತ್ತಿದ್ದ. ಭಾನುವಾರ ಯಾವಳು ಬರುತ್ತಾಳೋ ನೋಡಿಯೇಬಿಡಬೇಕು ಎಂದುಕೊಂಡೆ.

ಭಾನುವಾರ ಅಣ್ಣನ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಹೋದೆ. ಟಿಕೆಟ್ ಬೇಕಾದಷ್ಟಿತ್ತು.

ಅವನ ತಾಯಿ ದೊನ್ಯಾ ನಿಲ್ದಾ ಎಂದಿನ ಸಾಲಿನಲ್ಲಿ, ಎಂದಿನ ಹಸಿರು ಸ್ವೆಟರಿನಲ್ಲಿ ಕೂತಿದ್ದರು. ಅವರ ಪಕ್ಕದ ಸೀಟು ಖಾಲಿ. ಆ ಮಹಾರಾಣಿ ಇನ್ನೂ ಬಂದಿಲ್ಲ, ಬರಲಿ, ಎಂದುಕೊಂಡು ನಾನೇ ಹೋಗಿ ಅಲ್ಲಿ ಕೂತೆ. ಕೆಳಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ನವೆಲ್ ಕತ್ತೆತ್ತಿ ನಮ್ಮ ಕಡೆ ನೋಡಿದ. ಚೆಂಡು ಅವನ ಕಾಲಡಿಯಿಂದ ಉರುಳಿ ಹೋಯಿತು.

ದೊನ್ಯಾ ನಿಲ್ದಾ ತಿರುಗಿದರು. ನನ್ನನ್ನು ಕಂಡದ್ದೇ ಅವರ ಕೈ ತಟ್ಟನೆ ಎಡ ಎದೆಯನ್ನು ಮುಟ್ಟಿಕೊಂಡಿತು.

ನಮ್ಮೂರಲ್ಲಿ ಇದರ ಅರ್ಥ ಮಕ್ಕಳಿಗೂ ಗೊತ್ತು. ಕಾಲ್ಗುಣ ಕೆಟ್ಟವರು ಎದುರು ಬಂದರೆ ಹೆಂಗಸರು ಹಾಗೆ ಮುಟ್ಟಿಕೊಳ್ಳುತ್ತಾರೆ. ಗಂಡಸರು ಮುಟ್ಟಿಕೊಳ್ಳುವುದು ಇನ್ನೂ ಕೆಳಗೆ.

"ನಾನಾ?" ಎಂದೆ.

"ಬೇಜಾರು ಮಾಡ್ಕೋಬೇಡ ಮಗಳೇ. ನೀನು ಬಂದ ದಿನ ಅವನು ಒಂದು ಗೋಲಾದ್ರೂ ಹೊಡೆದಿದ್ದಾನಾ, ನೀನೇ ಹೇಳು."

ಯೋಚಿಸಿದೆ. ಕಂಬಕ್ಕೆ ಬಡಿದದ್ದು, ಮೇಲೆ ಹಾರಿದ್ದು, ಗೋಲ್‌ಕೀಪರಿನ ಬೆರಳಿಗೆ ತಾಗಿದ್ದು. ಗೋಲು ಇರಲಿಲ್ಲ.

"ನವೆಲ್‌ಗೆ ಗೊತ್ತಾ?"

"ಟೀಮಲ್ಲಿ ಎಲ್ಲರ ಬಾಯಲ್ಲೂ ಅದೇ. ಫೋನಲ್ಲೂ ಅದನ್ನೇ ಹಾಕಿ ರೇಗಿಸ್ತಾರೆ. 'ಅವಳ ಕಿವಿಗೆ ಬಿದ್ರೆ ನೋಡಿ' ಅಂತ ಇವನು ಅವರ ಜೊತೆ ಜಗಳ ಆಡಿದ್ದಾನೆ."

ಇನ್ನೊಬ್ಬಳಿಲ್ಲ. ಕುಣಿಯಬೇಕಿತ್ತು ನಾನು, ಅಳು ಬಂತು. ಇನ್ನೊಬ್ಬಳಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಕಾಲ್ಗುಣದ ಜೊತೆ ಹೇಗೆ ಜಗಳವಾಡುವುದು?

ಆಟ ಶುರುವಾಯಿತು. ನವೆಲ್ ಜಾರಿದ. ಬರಿದಾದ ಗೋಲಿನೆದುರು ಚೆಂಡು ಅವನ ಮೊಣಕಾಲಿಗೆ ತಾಗಿ ಆಚೆ ಹೋಯಿತು. ಜನ ಸಿಳ್ಳೆ ಹಾಕಿ ಗೇಲಿ ಮಾಡಿದರು.

"ದಮ್ಮಯ್ಯ ಅಂತೀನಿ, ಎದ್ದು ಹೋಗು," ಎಂದರು ದೊನ್ಯಾ ನಿಲ್ದಾ. "ಇವತ್ತು ಗೋಲು ಬರ್ಲಿಲ್ಲ ಅಂದ್ರೆ ವಾಪಸ್ ರಿಸರ್ವಿಗೆ ತಳ್ತಾರೆ. ಮತ್ತೆ ಕರೀತಾರೋ ಇಲ್ವೋ."

ನಾನು ಇದನ್ನೆಲ್ಲ ನಂಬುವವಳಲ್ಲ ಎಂದು ಹೇಳಲು ಆಸೆ. ಆದರೆ ನಾನೂ ಇದೇ ಊರಿನವಳು. ಎರಡನೆಯ ಅರ್ಧ ಶುರುವಾಗುವ ಮೊದಲೇ ಸದ್ದಿಲ್ಲದೆ ಎದ್ದು ಹೋದೆ.

ಹೊರಗೆ ಸಾಸೇಜು ಸುಡುವವನ ಗಾಡಿಯ ಪಕ್ಕ ನಿಂತಿದ್ದೆ. ಗೋಡೆಯಾಚೆ ಇದ್ದಕ್ಕಿದ್ದಂತೆ ಇಡೀ ಸ್ಟೇಡಿಯಂ ಬೊಬ್ಬೆ ಹೊಡೆಯಿತು. ಆಮೇಲೆ ಒಂದೇ ಹೆಸರು, ಮತ್ತೆ ಮತ್ತೆ. ನನ್ನವನ ಹೆಸರು. ಹೊಗೆಯ ನೆಪದಲ್ಲಿ ಚೆನ್ನಾಗಿ ಅತ್ತೆ. ಸಂತೋಷವೂ ಆಯಿತು, ನನ್ನ ಕಥೆ ಮುಗಿಯಿತು ಎಂದೂ ಅನ್ನಿಸಿತು.

ಆಟಗಾರರ ಗೇಟಿನಿಂದ ಅವನು ಒದ್ದೆ ಕೂದಲಲ್ಲೇ ಓಡಿ ಬಂದ.

"ನೋಡ್ದೆ ತಾನೇ? ಆ ಕೆಟ್ಟ ಟೋಪಿನ ನಾನು ಮೊದಲೇ ಗುರುತು ಹಿಡಿದಿದ್ದೆ! ನೀನಿದ್ದೆ, ನಾನು ಹೊಡೆದೆ. ಇನ್ಮೇಲೆ ಯಾವನಾದ್ರೂ ಬಾಯಿ ಬಿಡ್ಲಿ..." ಎಂದವನು ನಾಲಿಗೆ ಕಚ್ಚಿಕೊಂಡ.

"ನಿಮ್ಮಮ್ಮ ಹೇಳಿದ್ರು. ನೀನೂ ನಂಬಿದ್ಯಾ?"

ಈ ಸಲ ಅವನು ಅತ್ತಿತ್ತ ನೋಡಲಿಲ್ಲ. ನನ್ನ ಕಣ್ಣನ್ನೇ ನೋಡಿದ.

"ಸ್ವಲ್ಪ. ಭಯ ಆಗಿತ್ತು ಕಡ್ಡಿ. ಗೋಲೂ ಬೇಕಿತ್ತು, ನೀನೂ ಬೇಕಿತ್ತು. ನಿನ್ನ ಬಿಟ್ಟು ಗೋಲು ಹೊಡೆದಾಗೆಲ್ಲ ಕಳ್ಳತನ ಮಾಡಿದ ಹಾಗೆ ಅನ್ಸೋದು. ನಿನ್ನ ಕಂಡ್ರೆ ಪ್ರಾಣ ಕಣೇ."

ಇಷ್ಟು ದಿನ ಅವನ ಸುಳ್ಳು ಹುಡುಕಿದವಳು ನಾನು. ಈಗ ನಿಜ ಹೇಳುವ ಸರದಿ ನನ್ನದು. ನಾನು ಅಲ್ಲಿರಲಿಲ್ಲ ಎಂದರೆ ಆ ಮುಖದ ಬೆಳಕು ಆರಿಹೋಗುತ್ತದೆ. ಆದರೂ ಬಾಯಿ ತೆರೆದೆ.

"ಇವಳು ಕಿರುಚಿದ್ದಕ್ಕೆ ನನ್ನ ಕಿವಿ ಇನ್ನೂ ಗುಂಯ್ ಅಂತಿದೆ," ಎಂದರು ಹಿಂದಿನಿಂದ ಬಂದ ದೊನ್ಯಾ ನಿಲ್ದಾ.

ನವೆಲ್ ನನ್ನ ಕೆನ್ನೆಗೆ ಮುತ್ತು ಕೊಟ್ಟು, ಕರೆಯುತ್ತಿದ್ದ ಪತ್ರಕರ್ತರ ಕಡೆ ಓಡಿದ. ನಾನು ದೊನ್ಯಾ ನಿಲ್ದಾರ ಮುಖ ನೋಡಿದೆ.

"ಯಾಕೆ ಸುಳ್ಳು ಹೇಳಿದ್ರಿ?"

ಅವರು ನನ್ನ ರಟ್ಟೆ ಹಿಡಿದುಕೊಂಡರು.

"ಮುಖ್ಯ ತಂಡದಲ್ಲಿ ನನ್ನ ಮಗನ ಮೊದಲ ಗೋಲು. ಎಲ್ಲರೂ ಪಕ್ಕದವರನ್ನ ತಬ್ಬಿಕೊಂಡು ಅಳ್ತಿದ್ರು. ನಾನು ತಬ್ಬಿಕೊಳ್ಳೋಣ ಅಂತ ತಿರುಗಿದ್ರೆ ಯಾರೂ ಇಲ್ಲ. ಮುಂದಿನ ಭಾನುವಾರ ಬಾ. ಮಧ್ಯದಲ್ಲಿ ಎದ್ದೆ ಅಂದ್ರೆ ಕಾಲು ಮುರೀತೀನಿ."

"ಅವನು ಗೋಲು ಹೊಡೀಲಿಲ್ಲ ಅಂದ್ರೆ?"

"ಇಬ್ರೂ ಸೇರಿ ಅವನಿಗೇ ಬೈಯೋಣ," ಎಂದು ಅವರು ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು.